ಎಂಟು ಹೆಜ್ಜೆ ದೂರದ ನಲ್ಲಿ

ಪಟ್ಟಂದೂರು ಅಗ್ರಹಾರ
4 ಮೇ 2025

ಅಕ್ಕಾ,

ಹರಿದು ಹಾಕುವುದಿದ್ದರೆ ಓದಿ ಹರಿ. ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಬೇರೆಯವರ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಅದಕ್ಕೇ ಅಂಚೆ ಕಚೇರಿಗೆ ಹೋಗಿ ಕವರು ಕೊಂಡೆ. ಕೌಂಟರಿನ ಮೇಡಂ "ಯಾವ ಕೆಲ್ಸಕ್ಕೆ ಅರ್ಜಿ ಹಾಕ್ತಿದೀಯಪ್ಪ?" ಎಂದು ಕೇಳಿದರು. ಅಕ್ಕನಿಗೆ ಕಾಗದ ಎಂದೆ. ಇನ್ನೊಂದು ಸಲ ನನ್ನ ಮುಖ ನೋಡಿ ಕವರು ಕೊಟ್ಟರು.

ಮಾಮನ ಕಣ್ಣು ಹೇಗಿದೆ? ಇಷ್ಟು ಹೇಳಿದರೆ ಸಾಕು. ಪೀಣ್ಯದಲ್ಲಿ ಯಾರನ್ನು ಕೇಳಿದರೂ "ನಿಮ್ಮಕ್ಕನ್ನ ಕೇಳು" ಎಂದು ಜಾರಿಕೊಳ್ಳುತ್ತಾರೆ.

ಕಬ್ಬಿಣಕ್ಕೆ ಹೊಳಪಿನ ಲೇಪ ಹಾಕುವ ಆ ಪ್ಲೇಟಿಂಗ್ ಶೆಡ್ಡಿನ ಕೆಲಸ ಬಿಟ್ಟೆ. ವರ್ತೂರು ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಪ್ಲಂಬರ್ ಕೈಕೆಳಗೆ ಸಹಾಯಕ್ಕೆ ಸೇರಿದ್ದೇನೆ. ಇಲ್ಲಿ ಅಗ್ರಹಾರದಲ್ಲಿ ನಮ್ಮ ಕುಷ್ಟಗಿ ಕಡೆಯ ಮೂವರ ಜೊತೆ ರೂಮು.

ಆಸ್ಪತ್ರೆಯ ವರಾಂಡದಲ್ಲಿ ಅಷ್ಟು ಜನರೆದುರು ನೀನು ಚಪ್ಪಲಿ ತೆಗೆದು ಹೊಡೆದದ್ದಕ್ಕೆ ಬೇಜಾರಿಲ್ಲ. ಆದರೆ ಒಂದು ಮಾತು ಹೇಳಲು ಬಿಡು. ಜನವರಿ ಹದಿನೆಂಟರಂದು, ಜಿಡ್ಡು ತೆಗೆಯುವ ಕಾಸ್ಟಿಕ್ ಸೋಡಾದ ತೊಟ್ಟಿಯಿಂದ ಸಿಡಿದದ್ದು ಮಾಮನ ಎಡಗಣ್ಣಿಗೆ ಬಿದ್ದಾಗ ಶೆಡ್ಡಿನಲ್ಲಿದ್ದದ್ದು ನಾವಿಬ್ಬರೇ. ಏನು ಮಾಡಬೇಕೆಂದು ಫೋನಿನಲ್ಲಿ ಹುಡುಕಿದೆ. ಹುಳಿ ಹಾಕು ಎಂದಿತ್ತು. ಟೀ ಅಂಗಡಿಗೆ ಓಡಿ ನಿಂಬೆಹಣ್ಣು ತಂದು ಹಿಂಡಿದೆ. ಫೋನು ತಪ್ಪು ಹೇಳಿತು ಅಕ್ಕಾ, ನಾನು ನಂಬಿದೆ. ಬೇಕೆಂದು ಮಾಡಿದ್ದಲ್ಲ.

ನಿನ್ನ ತಮ್ಮ,
ಯಮನೂರ


ಲಗ್ಗೆರೆ
20 ಮೇ 2025

ಯಮನೂರ,

ಓದಿದೆ. ಹರಿಯಲಿಲ್ಲ, ಏಕೆಂದರೆ ನಿನ್ನ ಕೈಬರಹದಲ್ಲೇ ಇರುವ ಸಾಕ್ಷಿ ಅದು. ಫೋನು ತಪ್ಪು ಹೇಳಿತಂತೆ! ಫೋನು ನಿಂಬೆಹಣ್ಣು ಹಿಂಡಿತೇ? ಫೋನಿಗೆ ಕೈ ಇದೆಯೇ?

ಕಣ್ಣು ಹೇಗಿದೆ ಎಂದು ಕೇಳಿದ್ದೀಯ. ಕೇಳು ಹಾಗಾದರೆ. ಎಡಗಣ್ಣಿನ ಕರಿಗುಡ್ಡೆಯ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಬಿಳಿ ಪೊರೆ ಬಂದಿದೆ. ಬೆಳಕು ಕತ್ತಲೆ ಗೊತ್ತಾಗುತ್ತದೆ, ಬೇರೆ ಏನೂ ಇಲ್ಲ. ಹನ್ನೊಂದು ವರ್ಷ ಪ್ಲೇಟಿಂಗ್ ಮಾಡಿದ ಮನುಷ್ಯ, ಹೊಳಪು ನೋಡಿಯೇ ತೊಟ್ಟಿಯಲ್ಲಿ ಏನು ಕಡಿಮೆಯಾಗಿದೆ ಎಂದು ಹೇಳುತ್ತಿದ್ದ ಮನುಷ್ಯ, ಈಗ ಲೋಟಕ್ಕೆ ನೀರು ಬಗ್ಗಿಸಿದರೆ ಹೊರಗೆ ಚೆಲ್ಲುತ್ತಾನೆ. ನಾನು ಬೋಲ್ಟ್ ಫ್ಯಾಕ್ಟರಿಯ ತಪಾಸಣೆ ಲೈನಿನಲ್ಲಿ ಎರಡು ಪಾಳಿ ಮಾಡಿ ಬರುವಷ್ಟರಲ್ಲಿ ಕತ್ತಲಲ್ಲೇ ಕೂತಿರುತ್ತಾರೆ. ಲೈಟು ಹಾಕಿದರೆ ಬೈಯುತ್ತಾರೆ.

ಡಾಕ್ಟರು ನನಗೆ ಏನು ಹೇಳಿದರು ಗೊತ್ತೇ? ಮೊದಲ ನಿಮಿಷದಿಂದಲೇ ಬರೀ ನೀರು, ಧಾರಾಳವಾಗಿ, ಅರ್ಧ ಗಂಟೆ ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು. ಬರೀ ನೀರು! ನಾನು ಆ ಶೆಡ್ಡಿಗೆ ಹೋಗಿ ಅಳೆದು ಬಂದಿದ್ದೇನೆ. ತೊಟ್ಟಿಯಿಂದ ನಲ್ಲಿ ಎಂಟು ಹೆಜ್ಜೆ ದೂರ ಇದೆ. ನಲ್ಲಿಯಲ್ಲಿ ಆ ದಿನ ನೀರೂ ಇತ್ತು. ಟೀ ಅಂಗಡಿ ಮುಖ್ಯರಸ್ತೆಯಲ್ಲಿದೆ. ನೀನು ನಲ್ಲಿಯನ್ನು ದಾಟಿಕೊಂಡೇ ಓಡಿದೆ.

ಆ ಮಾಲೀಕ ಈಗ ಗೋಡೆಗೆ ಹಳದಿ ಬೋರ್ಡು ಹೊಡೆಸಿದ್ದಾನೆ, ಕಣ್ಣಿಗೆ ಬಿದ್ದರೆ ಕೂಡಲೇ ನೀರು ಎಂದು. ನನ್ನ ಗಂಡನ ಕಣ್ಣು ಹೋದ ಮೇಲೆ ಬೋರ್ಡು. ಅದನ್ನು ನೋಡಿ ನನಗೆ ಮೈ ಉರಿದುಹೋಯಿತು. ಅವನನ್ನೂ ಬೈದು ಬಂದೆ. ಅವನಾದರೂ ಹೊರಗಿನವನು. ನೀನು ನನ್ನ ಮನೆಯಲ್ಲಿ ಉಂಡವನು, ನಿನಗೆ ಆ ಕೆಲಸ ಕೊಡಿಸಿದವರು ಅವರು.

ತಮ್ಮ ಎಂದು ಸಹಿ ಮಾಡಬೇಡ.

ರುಕ್ಮವ್ವ


ಪಟ್ಟಂದೂರು ಅಗ್ರಹಾರ
8 ಜೂನ್ 2025

ಅಕ್ಕಾ,

ನೀನು ಬರೆದದ್ದೆಲ್ಲ ಸರಿ. ಅದಕ್ಕಿಂತ ಕೆಟ್ಟದ್ದು ಒಂದಿದೆ, ಅದನ್ನು ಹೇಳಲು ಬರೆಯುತ್ತಿದ್ದೇನೆ.

ಹೋದ ತಿಂಗಳು ನಾಲ್ಕನೇ ಮಹಡಿಯಲ್ಲಿ ಒಬ್ಬರ ಅಡುಗೆಮನೆಯ ಸಿಂಕು ಕಟ್ಟಿಕೊಂಡಿತ್ತು. ಪ್ಲಂಬರ್ ಅಣ್ಣ ಕೊಳವೆ ಬಿಡಿಸುವ ಪುಡಿಯ ಡಬ್ಬಿ ಕೊಟ್ಟು ಕಳಿಸಿದ. ಡಬ್ಬಿಯ ಮೇಲೆ ಕಾಸ್ಟಿಕ್ ಸೋಡಾ ಎಂದಿತ್ತು. ಮುಚ್ಚಳ ತೆಗೆಯದೆ ಅದನ್ನು ನೆಲದ ಮೇಲಿಟ್ಟು ದೂರ ಸರಿದೆ. ಆ ಮನೆಯವರು ಶೈಲಜಾ ಮೇಡಂ, ದಾವಣಗೆರೆಯ ಕಾಲೇಜಿನಲ್ಲಿ ಮೂವತ್ತು ವರ್ಷ ಲೈಬ್ರರಿ ನೋಡಿಕೊಂಡಿದ್ದವರು. ಈಗ ಮಗನ ಮನೆಯಲ್ಲಿದ್ದಾರೆ. "ಯಾಕಪ್ಪಾ, ಡಬ್ಬಿ ಕಚ್ಚುತ್ತಾ?" ಎಂದರು. ಅಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿದೆ.

ಅವರು ಅಯ್ಯೋ ಪಾಪ ಎನ್ನಲಿಲ್ಲ. "ಏನಂತ ಬರೆದು ಹುಡುಕಿದ್ದೆ? ಒಂದಕ್ಷರ ಬಿಡದಂಗೆ ಹೇಳು" ಎಂದರು. ನೆನಪಿಲ್ಲ ಎಂದೆ. "ನಿನಗೆ ನೆನಪಿಲ್ದಿದ್ರೆ ನಿನ್ನ ಫೋನಿಗೆ ಇರುತ್ತೆ, ಕೊಡು ಇಲ್ಲಿ" ಎಂದು ಕಸಿದುಕೊಂಡು ಹಳೆಯ ಹುಡುಕಾಟಗಳ ಪಟ್ಟಿ ತೆಗೆದರು. ಜನವರಿ ಹದಿನೆಂಟು, ಹನ್ನೊಂದು ಗಂಟೆ ಹತ್ತು ನಿಮಿಷ. "ಕಾಸ್ಟಿಕ್ ನ್ಯೂಟ್ರಲ್ ಮಾಡೋದು ಹೇಗೆ."

ಇಷ್ಟೇ ಇತ್ತು ಅಕ್ಕಾ. ಕಣ್ಣು ಎಂಬ ಪದವೇ ಇರಲಿಲ್ಲ.

ನಮ್ಮ ಶೆಡ್ಡಿನಲ್ಲಿ ಕಾಸ್ಟಿಕ್ ತೊಟ್ಟಿಯಿಂದ ಎತ್ತಿದ ಮಾಲನ್ನು ಆಸಿಡ್ಡಿನಲ್ಲಿ ಅದ್ದುತ್ತೇವೆ, ಕಾಸ್ಟಿಕ್ಕಿನ ಜೋರು ಸಾಯಲಿ ಎಂದು. ದಿನಕ್ಕೆ ಮುನ್ನೂರು ಸಲ ಅದೇ ಕೆಲಸ. ಮಾಮನ ಕಣ್ಣಿಗೆ ಬಿದ್ದಾಗಲೂ ನನ್ನ ತಲೆಗೆ ಅದೇ ಬಂತು. ಹುಳಿ ಹಾಕಬೇಕು ಎಂದು ಮೊದಲೇ ತೀರ್ಮಾನ ಮಾಡಿಕೊಂಡು, ಯಾವ ಹುಳಿ ಎಂದಷ್ಟೇ ಫೋನನ್ನು ಕೇಳಿದೆ. ನಾನು ನೋಡಿದ್ದ ಆ ಪುಟವನ್ನು ಮೇಡಂ ಮತ್ತೆ ತೆರೆಸಿದರು. ಅದು ನೆಲದ ಮೇಲೆ ಕಾಸ್ಟಿಕ್ ಚೆಲ್ಲಿದರೆ ಒರೆಸುವುದು ಹೇಗೆ ಎಂದು ಬರೆದ ಪುಟ. ನೆಲಕ್ಕೆ ಅದು ಹೇಳಿದ್ದು ಸರಿಯಾಗಿಯೇ ಇತ್ತು. ಬೆರಳಿನಿಂದ ಎರಡು ಸಲ ಮೇಲೆ ಸರಿಸಿದರೆ ಅಡಿಯಲ್ಲಿ ಕೆಂಪು ಚೌಕ. ಕಣ್ಣಿಗೆ ತಗುಲಿದರೆ ಏನನ್ನೂ ಹಾಕದೆ ನೀರಿನಿಂದ ತೊಳೆಯುತ್ತಲೇ ಇರಿ, ತಕ್ಷಣ ಆಸ್ಪತ್ರೆಗೆ ಹೋಗಿ ಎಂದು ಅದರಲ್ಲಿತ್ತು. ನಾನು ಅಲ್ಲಿಯವರೆಗೆ ಹೋಗಲೇ ಇಲ್ಲ.

ಫೋನು ತಪ್ಪು ಹೇಳಿತು ಎಂದು ನಾಲ್ಕು ತಿಂಗಳು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಸುಳ್ಳು.

"ನಲ್ಲಿ ಅಲ್ಲೇ ಇತ್ತಲ್ಲ, ನೀರು ಯಾಕೆ ಹಾಕಲಿಲ್ಲ?" ಎಂದೂ ಮೇಡಂ ಕೇಳಿದರು. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ನಿನಗೂ ಬರೆಯುವುದಿಲ್ಲ, ಒತ್ತಾಯ ಮಾಡಬೇಡ.

ಈಗ ಪ್ರತಿ ಬುಧವಾರ ಕೆಲಸ ಮುಗಿಸಿ ಅವರ ಹತ್ತಿರ ಹೋಗುತ್ತೇನೆ. ಹುಡುಕುವುದು ಹೇಗೆ, ಸಿಕ್ಕಿದ್ದನ್ನು ನಂಬುವುದೋ ಬಿಡುವುದೋ ಎಂದು ನೋಡುವುದು ಹೇಗೆ, ಕಲಿಸುತ್ತಿದ್ದಾರೆ. ಕಲಿಸುವುದಕ್ಕಿಂತ ಬೈಯುವುದೇ ಜಾಸ್ತಿ. ಯಾರು ಬರೆದದ್ದು, ಯಾವಾಗ ಬರೆದದ್ದು, ಯಾರಿಗಾಗಿ ಬರೆದದ್ದು, ನಾನು ನಂಬಿದರೆ ಯಾರಿಗೆ ಲಾಭ, ಇಷ್ಟನ್ನು ಹೇಳದೆ ಯಾವ ಪುಟ ತೋರಿಸಿದರೂ ಫೋನು ಎತ್ತಿಡು ಎನ್ನುತ್ತಾರೆ.

ಯಮನೂರ


ಲಗ್ಗೆರೆ
1 ಜುಲೈ 2025

ಯಮನೂರ,

ಎರಡು ಸಲ ಬೆರಳು ಸರಿಸಿದ್ದರೆ ಸಿಗುತ್ತಿತ್ತು ಎಂದು ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು? ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ನಿನ್ನ ಪಾಠ ಮುಗಿದು ಪಾಸಾದರೆ ಸರ್ಟಿಫಿಕೇಟು ತಂದು ಅವರ ಕುರುಡು ಕಣ್ಣಿಗೆ ತೋರಿಸು.

ಬರೆಯಬಾರದು ಎಂದುಕೊಂಡಿದ್ದೆ, ಆದರೆ ಅವರ ಕಡೆಯವರಿಗೆಲ್ಲ ಹೇಳಿಯಾಗಿದೆ, ನಿನಗೂ ತಿಳಿಯಲಿ. ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ ಎನ್ನುತ್ತಾರೆ. ಒಳ್ಳೆಯ ಕಣ್ಣಿನ ಕರಿಗುಡ್ಡೆಯ ಅಂಚಿನಿಂದ ಅಕ್ಕಿಕಾಳಿಗಿಂತ ಸಣ್ಣ ಚೂರು ತೆಗೆದು ಕೆಟ್ಟ ಕಣ್ಣಿಗೆ ನೆಡುತ್ತಾರಂತೆ. ಅದು ಹಬ್ಬಿದರೆ ಪೊರೆ ತಿಳಿಯಾಗಿ ಸ್ವಲ್ಪ ದೃಷ್ಟಿ ಬರಬಹುದಂತೆ. ಸೆಪ್ಟೆಂಬರ್ ಹದಿನಾರಕ್ಕೆ ದಿನ ಕೊಟ್ಟಿದ್ದಾರೆ. ಅಷ್ಟರೊಳಗೆ ಕಣ್ಣಿನ ಕೆಂಪು ಪೂರ್ತಿ ಇಳಿದಿರಬೇಕು, ಇಲ್ಲದಿದ್ದರೆ ನೆಟ್ಟದ್ದು ಹಿಡಿಯುವುದಿಲ್ಲ ಎಂದಿದ್ದಾರೆ.

ನಿನ್ನ ಮಾಮ ಒಪ್ಪುತ್ತಿಲ್ಲ. "ಇರೋದೊಂದ ಕಣ್ಣ. ಅದಕ್ಕೂ ಕತ್ರಿ ಹಾಕಸ್ಕೋ ಅಂತೀಯೇನ?" ಎಂದು ಚೀರುತ್ತಾರೆ. ನನಗೂ ಹೆದರಿಕೆ. ಅದಕ್ಕೇ ನಾನೂ ಹುಡುಕಿದೆ. ನಿನ್ನ ಹಾಗೆ ಮೊದಲು ಸಿಕ್ಕಿದ್ದಕ್ಕೆ ಬೀಳಲಿಲ್ಲ. "ಆಪರೇಷನ್ ಇಲ್ಲದೆ ಕಣ್ಣು ಬರುವ ಔಷಧ" ಎಂದು ಹಾಕಿ ಹನ್ನೊಂದು ವಿಡಿಯೋ ನೋಡಿದೆ, ಹನ್ನೊಂದೂ ಒಂದೇ ಮಾತು ಹೇಳಿದವು. ಒಬ್ಬ ವೈದ್ಯರು ಬೇರಿನ ರಸದ ಕಣ್ಣುಹನಿ ಕೊಡುತ್ತಾರೆ. ಗೋಕಾಕದ ಗಂಗವ್ವ ಎಂಬ ಮುದುಕಿ ಕಣ್ಣು ಬಂದ ಮೇಲೆ ಎಲ್ಲರೆದುರು ಸೂಜಿಗೆ ದಾರ ಪೋಣಿಸುತ್ತಾಳೆ. ಹನ್ನೆರಡು ಲಕ್ಷ ಜನ ನೋಡಿದ್ದಾರೆ. ಹನ್ನೆರಡು ಲಕ್ಷ ಜನ ಹುಚ್ಚರೇ?

ಬಾಟಲಿ ಕೊರಿಯರಿನಲ್ಲಿ ಬಂದಿದೆ. ಮೊನ್ನೆಯಿಂದ ಹಾಕುತ್ತಿದ್ದೇನೆ.

ರುಕ್ಮವ್ವ


ಪಟ್ಟಂದೂರು ಅಗ್ರಹಾರ
6 ಜುಲೈ 2025

ಅಕ್ಕಾ,

ನಿನಗೇನು ತಲೆ ಕೆಟ್ಟಿದೆಯೇ? ಇದು ಕೈಗೆ ಬಂದ ಕೂಡಲೇ ಆ ಬಾಟಲಿಯನ್ನು ಕಸದ ಗಾಡಿಗೆ ಎಸೆ. ಇಲ್ಲ, ಎಸೆಯಬೇಡ, ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸು. ಹಾಕುವುದನ್ನು ಮಾತ್ರ ಈ ಕ್ಷಣ ನಿಲ್ಲಿಸು.

ನನ್ನನ್ನು ಬೈದೆಯಲ್ಲ, ನೀನು ಮಾಡಿದ್ದೂ ಅದೇ! ಆಪರೇಷನ್ ಬೇಡ ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಹುಡುಕಿದೆ. ಆಪರೇಷನ್ ಇಲ್ಲದೆ ಎಂದು ಹಾಕಿದರೆ ಆಪರೇಷನ್ ಬೇಡ ಎನ್ನುವವರೇ ಬರುತ್ತಾರೆ. ಇನ್ನು ಆ ಹನ್ನೊಂದು ವಿಡಿಯೋ. ಒಂದೊಂದನ್ನೂ ಹಾಕಿದವರ ಹೆಸರು ನೋಡಿದೆಯಾ? ನೀನು ಹಾಕಿದ ಪದಗಳನ್ನೇ ಹಾಕಿ ನಾನೂ ಮೇಡಮ್ಮೂ ಕೂತು ನೋಡಿದೆವು. ಎಂಟಕ್ಕೆ ಒಂದೇ ಹೆಸರು, ಉಳಿದ ಮೂರರಲ್ಲಿ ಕೊನೆಗೆ ಅದೇ ಫೋನ್ ನಂಬರು. ಮೊದಲನೆಯದನ್ನು ನೀನು ಪೂರ್ತಿ ನೋಡಿದೆ, ಉಳಿದ ಹತ್ತನ್ನು ಫೋನೇ ತಂದು ನಿನ್ನ ಮುಂದೆ ಇಟ್ಟಿತು. ಒಬ್ಬನೇ ಹನ್ನೊಂದು ಸಲ ಹೇಳಿದರೆ ಹನ್ನೊಂದು ಜನ ಹೇಳಿದಂತಾಗುವುದಿಲ್ಲ.

ಗಂಗವ್ವನ ವಿಷಯ ಕೇಳು. ಆಕೆಯ ಮುಖ ಬಂದ ಕಡೆ ವಿಡಿಯೋ ನಿಲ್ಲಿಸಿ ಚಿತ್ರ ಹಿಡಿದುಕೊಂಡೆವು. ಪದ ಹಾಕಿ ಹುಡುಕುವ ಹಾಗೆ ಚಿತ್ರ ಹಾಕಿಯೂ ಹುಡುಕಬಹುದು. ಅದೇ ಮುದುಕಿ, ಅದೇ ಹಸಿರು ಸೀರೆ, ಇನ್ನೊಂದು ವಿಡಿಯೋದಲ್ಲಿ ತುಮಕೂರಿನ ಸರೋಜಮ್ಮ. ಅಲ್ಲಿ ಆಕೆಗೆ ಮಂಡಿ ನೋವು ವಾಸಿಯಾಗಿದೆ, ಮೆಟ್ಟಿಲು ಹತ್ತಿ ತೋರಿಸುತ್ತಾಳೆ. ಆಕೆಯ ಕಣ್ಣು ಎಂದೂ ಹೋಗಿರಲಿಲ್ಲ ಅಕ್ಕಾ. ನನಗೆ ಆ ಮುದುಕಿಯ ಮೇಲೂ ಸಿಟ್ಟು ಬಂತು, ಆಮೇಲೆ ಆಕೆಗೆ ಯಾರು ಏನು ಹೇಳಿ ಕೂರಿಸಿದರೋ ಎನಿಸಿತು.

ಇದರ ಜೊತೆ ಆರು ಹಾಳೆ ಇಟ್ಟಿದ್ದೇನೆ. ಚೂರು ತೆಗೆದ ಒಳ್ಳೆಯ ಕಣ್ಣಿಗೆ ಮುಂದೆ ಏನಾಗುತ್ತದೆ ಎಂದು ಕಣ್ಣಿನ ಡಾಕ್ಟರುಗಳು ಬರೆದದ್ದು. ಇಂಗ್ಲಿಷಿನಲ್ಲಿತ್ತು, ಮೇಡಂ ಹೇಳಿದರು, ನಾನು ಕನ್ನಡದಲ್ಲಿ ಬರೆದೆ. ತೊಂದರೆ ಆದದ್ದು ಅಪರೂಪ ಎಂದಿದೆ. ಆಗಲೇ ಇಲ್ಲ ಎಂದಿಲ್ಲ. ಏನೇನು ತಪ್ಪಾಗಬಹುದು ಎಂದು ಪಟ್ಟಿ ಕೊಟ್ಟಿದ್ದಾರೆ. ನಿನ್ನ ವೈದ್ಯ ಅಂಥ ಒಂದು ಸಾಲನ್ನಾದರೂ ಹೇಳಿದ್ದಾನೆಯೇ ನೋಡು.

ಮಾಮನಿಗೆ ಓದಿ ಹೇಳು.

ಯಮನೂರ


ಲಗ್ಗೆರೆ
14 ಜುಲೈ 2025

ಯಮನೂರ,

ಕಣ್ಣು ತೆಗೆದವನು ನನಗೆ ಪಾಠ ಹೇಳುವಷ್ಟು ದೊಡ್ಡವನಾದೆಯಾ? ನಿನ್ನ ಹಾಳೆಗಳನ್ನು ಓದಿಲ್ಲ, ಓದುವುದಿಲ್ಲ. ಅಕ್ಕಿ ಡಬ್ಬಿಯ ಕೆಳಗೆ ಹಾಕಿದ್ದೇನೆ.

ಕಣ್ಣು ಕೆಂಪಾಗಿದೆ, ಉರಿ ಎನ್ನುತ್ತಾರೆ. ಉರಿದರೆ ಔಷಧ ಒಳಗೆ ಹಿಡಿಯುತ್ತಿದೆ ಎಂದು ಅರ್ಥವಂತೆ, ಆ ವಿಡಿಯೋದಲ್ಲೇ ಹೇಳಿದ್ದಾರೆ. ನಿನ್ನ ಸಲಹೆ ಕೇಳಿ ಒಂದು ಸಲ ಅನುಭವಿಸಿದ್ದು ಸಾಕು.

ರುಕ್ಮವ್ವ


ಪಟ್ಟಂದೂರು ಅಗ್ರಹಾರ
21 ಜುಲೈ 2025

ಅಕ್ಕಾ,

ನಿನ್ನೆ ಬಂದಿದ್ದೆ. ಬಾಗಿಲು ತೆರೆದವಳು ನನ್ನ ಮುಖದ ಮೇಲೆಯೇ ಹಾಕಿಕೊಂಡೆ. ಒಳಗಿಂದ ಮಾಮ "ಯಾರ ಬಂದಾರ?" ಎಂದದ್ದು ಕೇಳಿಸಿತು. "ಯಾರೂ ಇಲ್ಲ" ಎಂದೆ ನೀನು. ಆಯಿತು, ನಾನು ಯಾರೂ ಅಲ್ಲ ಎಂದೇ ಇಟ್ಟುಕೋ.

ನನ್ನನ್ನು ನಂಬಬೇಡ. ನಂಬು ಎಂದು ಕೇಳುವ ಮುಖ ನನಗೆ ಇಲ್ಲ. ನಾನು ಹೇಳಿದ್ದು ಎಂದು ಒಂದು ಕೆಲಸವನ್ನೂ ಮಾಡಬೇಡ. ಆದರೆ ಆ ವೈದ್ಯನ ಮಾತನ್ನೂ ಹಾಗೆಯೇ ಕೇಳಬೇಡ. ಬಾಟಲಿಯ ಮೇಲೆ ಅವನ ನಂಬರು ಇದೆ. ನೀನೇ ಫೋನ್ ಮಾಡು. ಒಂದೇ ಪ್ರಶ್ನೆ ಕೇಳು, ನಿಮ್ಮ ಹನಿಯಿಂದ ಯಾರಿಗೆ ಗುಣವಾಗಲಿಲ್ಲ ಎಂದು. ಇದೇ ಪ್ರಶ್ನೆಯನ್ನು ಆಸ್ಪತ್ರೆಯ ಡಾಕ್ಟರಿಗೂ ಕೇಳು. ಎರಡು ಉತ್ತರವನ್ನೂ ಬರೆದಿಟ್ಟುಕೊಂಡು ನೋಡು. ಆಮೇಲೆ ನಿನಗೆ ತಿಳಿದ ಹಾಗೆ ಮಾಡು, ನಾನು ಮಧ್ಯೆ ಬರುವುದಿಲ್ಲ.

ಬೇಗ ಮಾಡು ಅಕ್ಕಾ. ಕೆಂಪು ಇಳಿಯದಿದ್ದರೆ ಸೆಪ್ಟೆಂಬರ್ ಕೈತಪ್ಪುತ್ತದೆ.

ಯಮನೂರ


ಲಗ್ಗೆರೆ
10 ಆಗಸ್ಟ್ 2025

ಯಮನೂರ,

ಫೋನ್ ಮಾಡಿದೆ. ನೀನು ಹೇಳಿದೆ ಎಂದಲ್ಲ, ಅವರು ಮೂರು ದಿನ ಕಣ್ಣು ಬಿಡಲಾಗದೆ ಒದ್ದಾಡಿದ್ದನ್ನು ನೋಡಲಾಗದೆ ಮಾಡಿದೆ.

"ನಿಮ್ಮ ಹನಿ ಯಾರಿಗೆ ಹತ್ತಿಲ್ಲರಿ ಅಣ್ಣಾ?" ಎಂದು ಕೇಳಿದೆ.

"ಹಂಗ್ ಯಾರೂ ಇಲ್ಲಮ್ಮ, ನೂರಕ್ಕೆ ನೂರು" ಎಂದ.

"ಒಬ್ಬರೂ ಇಲ್ಲ?"

"ನಂಬಿಕೆ ಇಲ್ದೋರ್ಗೆ ಆಗಲ್ಲಮ್ಮ, ಅಷ್ಟೇ."

"ನಂಬಿಕಿ ಐತೋ ಇಲ್ಲೋ ಅಂತ ಕಣ್ಣಿಗೆ ಹೆಂಗ ಗೊತ್ತಾಗ್ತೈತ್ರಿ?" ಎಂದೆ. ಕಟ್ ಮಾಡಿದ. ಮತ್ತೆ ಮಾಡಿದರೆ ಎತ್ತಲಿಲ್ಲ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದಾನೆ.

ನಮ್ಮ ತಪಾಸಣೆ ಲೈನಿನಲ್ಲಿ ಯಾರಾದರೂ ನೂರಕ್ಕೆ ನೂರು ಸರಿ ಎಂದು ಕಾರ್ಡು ಬರೆದು ಕಳಿಸಿದರೆ ಮೊದಲು ಅವರ ಪೆಟ್ಟಿಗೆಯನ್ನೇ ಬಿಚ್ಚುತ್ತೇವೆ. ಹತ್ತರಲ್ಲಿ ಒಂಬತ್ತು ಸಲ ಅವರು ಅಳೆದೇ ಇರುವುದಿಲ್ಲ. ಆರು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದೇನೆ. ಸಾವಿರಾರು ಬೋಲ್ಟು ಅಳೆದ ಕೈಯಲ್ಲೇ ಆ ಬಾಟಲಿ ಹಿಡಿದು ನನ್ನ ಗಂಡನ ಕಣ್ಣಿಗೆ ಹನಿ ಬಿಟ್ಟೆನಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಆ ದಿನ ಫ್ಯಾಕ್ಟರಿಯಲ್ಲಿ ಇಬ್ಬರ ಜೊತೆ ಜಗಳವಾಡಿದೆ.

ಆಸ್ಪತ್ರೆಗೆ ಬಾಟಲಿ ಒಯ್ದೆ. ಡಾಕ್ಟರು ಬೈದರು, ಬೈಸಿಕೊಂಡೆ. ಹನಿ ನಿಲ್ಲಿಸಿ ಬೇರೆ ಔಷಧ ಕೊಟ್ಟಿದ್ದಾರೆ. ಕೆಂಪು ಇಳಿದರೆ ಆಪರೇಷನ್, ಇಳಿಯದಿದ್ದರೆ ಹೇಳಲಾಗದು ಎಂದರು. ನಿನ್ನ ಪ್ರಶ್ನೆಯನ್ನು ಅವರಿಗೂ ಕೇಳಿದೆ. ಯಾರಿಗೆ ಆಗಲಿಲ್ಲ, ಏಕೆ ಆಗಲಿಲ್ಲ ಎಂದು ಕಾಲು ಗಂಟೆ ಹೇಳಿದರು. ನೆಟ್ಟದ್ದು ಹಿಡಿಯದೆ ಎರಡನೇ ಸಲ ಮಾಡಿಸಿಕೊಂಡವರೂ ಇದ್ದಾರೆ ಎಂದರು. ಕೇಳುತ್ತ ಹೆದರಿಕೆ ಜಾಸ್ತಿಯಾಯಿತು. ಆದರೂ ಈ ಡಾಕ್ಟರಮ್ಮ ಸುಳ್ಳು ಹೇಳುತ್ತಿಲ್ಲ ಎನಿಸಿತು.

ನಿನ್ನ ಮಾಮ ಇನ್ನೂ ಒಪ್ಪಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ.

ನಿನ್ನ ಹಳೆಯ ಕಾಗದಗಳನ್ನು ತೆಗೆದು ಮತ್ತೆ ಓದಿದೆ. ನೀರು ಏಕೆ ಹಾಕಲಿಲ್ಲ ಎಂಬುದಕ್ಕೆ ಉತ್ತರ ಬರೆಯುವುದಿಲ್ಲ ಎಂದಿದ್ದೀಯ. ಏನು ಬಚ್ಚಿಡುತ್ತಿದ್ದೀಯ? ಮೊನ್ನೆ ಆ ಸಾಲನ್ನು ಅವರೆದುರಿಗೇ ಗಟ್ಟಿಯಾಗಿ ಓದಿದೆ. ಎದ್ದು ಹೊರಗೆ ಹೋದರು.

ರುಕ್ಮವ್ವ


ಲಗ್ಗೆರೆ
23 ಆಗಸ್ಟ್ 2025

ಯಮನೂರನಿಗೆ ಪರಮಾನಂದ ಬರೆಯುವುದು.

ಸಾಲು ಸೊಟ್ಟಗಿದ್ದರೆ ಸಹಿಸಿಕೋ. ಒಂದೇ ಕಣ್ಣಿನಿಂದ ಬರೆಯುವುದು ಇನ್ನೂ ರೂಢಿಯಾಗಿಲ್ಲ. ಅವಳು ಪಾಳಿಗೆ ಹೋಗಿದ್ದಾಳೆ, ಹಗಲು ಹೊತ್ತು, ಬಾಗಿಲ ಬಳಿ ಕೂತು ಬರೆಯುತ್ತಿದ್ದೇನೆ.

ನೀನು ಮೊದಲು ನಲ್ಲಿಗೇ ಓಡಿದೆ. ಬಕೆಟ್ಟಿಗೆ ನೀರು ಬೀಳುವ ಸದ್ದು ನನಗೆ ಕೇಳಿಸಿತು. "ನೀರ ಬ್ಯಾಡಲೇ, ಕುದೀತೈತಿ! ಆಸಿಡ್ ತಗೊಂಬಾ!" ಎಂದು ಕಿರುಚಿದವನು ನಾನು. ಕಾಸ್ಟಿಕ್ ಹರಳಿನ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ ಎಂದು ಕೆಲಸಕ್ಕೆ ಬಂದ ಮೊದಲ ದಿನವೇ ನಿನಗೆ ಕಲಿಸಿದವನೂ ನಾನೇ. ತೊಟ್ಟಿ ತುಂಬುವಾಗ ಅದು ಸರಿ. ಕಣ್ಣು ತೊಟ್ಟಿಯಲ್ಲ ಎಂಬುದು ಆ ಉರಿಯಲ್ಲಿ ನನಗೆ ಹೊಳೆಯಲಿಲ್ಲ. ನೀನು ಬಕೆಟ್ ಕೆಳಗಿಟ್ಟೆ. ಆಸಿಡ್ ತರಲು ನಿನಗೆ ಕೈ ಬರಲಿಲ್ಲ, ಅದಕ್ಕೇ ಫೋನ್ ತೆಗೆದೆ. ನಾನು ಕೇಳಿದ ಆಸಿಡ್ಡನ್ನೇ ತಂದು ಹಾಕಿದ್ದರೆ ಇವತ್ತು ಡಾಕ್ಟರ ಹತ್ತಿರ ಹೋಗಲು ಕಣ್ಣೇ ಉಳಿದಿರುತ್ತಿರಲಿಲ್ಲ.

ಅವಳು ನಿನಗೆ ಹೊಡೆದಾಗ ನಾನು ಒಳಗೆ ಮಂಚದ ಮೇಲಿದ್ದೆ. ಎಲ್ಲ ಕೇಳಿಸಿತು. ಆಗ ಹೇಳಬೇಕಿತ್ತು. ಆಮೇಲೆ ದಿನ ಕಳೆದ ಹಾಗೆ ಹೇಳುವುದು ಇನ್ನೂ ಕಷ್ಟವಾಯಿತು. ಹನ್ನೊಂದು ವರ್ಷದ ಕೆಲಸಗಾರ, ಎಲ್ಲ ಬಲ್ಲವನು ಎನಿಸಿಕೊಂಡವನು, ನನ್ನ ಬಾಯಿಂದಲೇ ನನ್ನ ಕಣ್ಣು ಹೋಯಿತು ಎಂದು ಹೇಗೆ ಹೇಳಲಿ? ನೀನೂ ಹೇಳಲಿಲ್ಲ. ಅದಕ್ಕೆ ನಾಚಿಕೆಯಾಗಿ ನಿನ್ನ ಮೇಲೆಯೇ ಸಿಟ್ಟು ಮಾಡಿಕೊಂಡಿದ್ದೆ.

ಮೊನ್ನೆ ಅವಳಿಗೆ ಹೇಳಿದೆ. ಕೈಯಲ್ಲಿದ್ದ ತಟ್ಟೆಯನ್ನು ಗೋಡೆಗೆ ಎಸೆದಳು. ಮೂರು ದಿನದಿಂದ ನನ್ನ ಜೊತೆ ಮಾತಿಲ್ಲ.

ಅಕ್ಕಿ ಡಬ್ಬಿಯ ಕೆಳಗಿದ್ದ ನಿನ್ನ ಹಾಳೆಗಳನ್ನು ಓದಿದೆ. ಒಳ್ಳೆಯ ಕಣ್ಣಿಗೆ ತೊಂದರೆ ಅಪರೂಪ ಎಂದು ಬರೆದಿದ್ದೀಯ. ಅಪರೂಪ ಎಂದರೆ ಎಷ್ಟು? ಎಷ್ಟು ಜನರನ್ನು ನೋಡಿ ಹೇಳಿದ್ದು, ಎಷ್ಟು ವರ್ಷ ನೋಡಿದರು? ತಿಳಿದು ಬರೆ. ನಿನಗೆ ಗೊತ್ತಾಗದೇ ಇದ್ದರೆ ಗೊತ್ತಾಗಲಿಲ್ಲ ಎಂದೇ ಬರೆ.

ಪರಮಾನಂದ


ಪಟ್ಟಂದೂರು ಅಗ್ರಹಾರ
31 ಆಗಸ್ಟ್ 2025

ಮಾಮಾ,

ನಿಮ್ಮ ಕಾಗದ ಓದಿ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಕಣ್ಣು ಹೋದವರ ಮೇಲೆ ಹೇಗೆ ಹೇಳಲಿ ಎಂದು ನಾನು ನುಂಗಿಕೊಂಡೆ. ನೀವಾಗಿಯೇ ಒಂದು ಮಾತು ಹೇಳುತ್ತೀರಿ ಎಂದು ಏಳು ತಿಂಗಳು ಕಾದೆ. ಬೈಯಲು ಹೊರಟರೆ ನಿಮ್ಮ ಮುಖ ಕಣ್ಣ ಮುಂದೆ ಬರುತ್ತದೆ. ಇರಲಿ. ನೀವು ಕಿರುಚಿದ್ದು ನಿಜ, ಆದರೆ ಬಕೆಟ್ ಕೆಳಗಿಟ್ಟದ್ದು ನನ್ನ ಕೈ.

ನೀವು ಕೇಳಿದ್ದಕ್ಕೆ ಒಂದು ಬುಧವಾರ, ಒಂದು ಭಾನುವಾರ ಹಿಡಿಯಿತು. ಎರಡು ಕಡೆ ಸಿಕ್ಕಿತು. ಎಲ್ಲಿ ಸಿಕ್ಕಿತು, ಯಾರು ಬರೆದದ್ದು, ಯಾವ ವರ್ಷದ್ದು, ಎಷ್ಟು ಜನರನ್ನು ಎಷ್ಟು ಕಾಲ ನೋಡಿದರು ಎಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಎರಡೂ ಬೇರೆ ಬೇರೆ ಊರಿನ ಡಾಕ್ಟರುಗಳದ್ದು, ಒಬ್ಬರದನ್ನು ಇನ್ನೊಬ್ಬರು ನೋಡಿ ಬರೆದದ್ದಲ್ಲ ಎಂದು ಮೇಡಂ ಪರೀಕ್ಷೆ ಮಾಡಿಸಿದರು. ಎರಡರಲ್ಲೂ ಒಳ್ಳೆಯ ಕಣ್ಣಿನ ದೃಷ್ಟಿ ಕಳೆದುಕೊಂಡವರು ಸಿಗಲಿಲ್ಲ. ಕೆಲವರಿಗೆ ಕೆಲವು ದಿನ ಚುಚ್ಚಿದ್ದು, ರಕ್ತ ಕಟ್ಟಿದ್ದು ಇದೆ. ಮೂರನೆಯದು ಒಂದು ಸಿಕ್ಕಿತ್ತು, ತುಂಬ ಚೆನ್ನಾಗಿಯೇ ಬರೆದಿದ್ದರು. ಅದು ಆಸ್ಪತ್ರೆಯೊಂದರ ಜಾಹೀರಾತು ಎಂದು ತಿಳಿದು ಬಿಟ್ಟೆ.

ನಿಮ್ಮ ಕಣ್ಣಿಗೆ ಏನಾಗುತ್ತದೆ ಎಂದು ಎಲ್ಲೂ ಬರೆದಿಲ್ಲ ಮಾಮಾ. ಅದನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ನನಗೆ ಗೊತ್ತಿರುವುದು ಇಷ್ಟೇ.

ಯಮನೂರ


ಲಗ್ಗೆರೆ
22 ಅಕ್ಟೋಬರ್ 2025

ಯಮನೂರ,

ಆಪರೇಷನ್ ಆಯಿತು. ಸೆಪ್ಟೆಂಬರ್ ಹದಿನಾರಕ್ಕೆ ಆಗಲಿಲ್ಲ, ಕೆಂಪು ಇಳಿದಿರಲಿಲ್ಲ. ಇಪ್ಪತ್ತಾರಕ್ಕೆ ಆಯಿತು. ಆ ಹತ್ತು ದಿನ ನಾನು ಹಾಕಿದ ಹನಿಯಿಂದ ಹೋದದ್ದು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಸಹಿ ಹಾಕುವ ಮೊದಲು ನಿನ್ನ ಮಾಮ ಡಾಕ್ಟರನ್ನು ಹತ್ತು ಪ್ರಶ್ನೆ ಕೇಳಿದರು. ಹಿಂದೆ ನಿಂತವರು ಗೊಣಗಿದರು. ನಾನು ತಿರುಗಿ ನೋಡಿದ ಮೇಲೆ ಸುಮ್ಮನಾದರು.

ಒಳ್ಳೆಯ ಕಣ್ಣು ಮೂರು ದಿನ ಚುಚ್ಚಿತು, ಈಗ ಮೊದಲಿನ ಹಾಗೇ ಇದೆ. ಎಡಗಣ್ಣಿನ ಪೊರೆ ತೆಳುವಾಗಿದೆ. ಸೋಮವಾರ ಡಾಕ್ಟರು ಮೂರು ಬೆರಳು ತೋರಿಸಿದರು, ನಿನ್ನ ಮಾಮ ಎರಡು ಎಂದರು. ಬೆರಳು ಹತ್ತಿರ ತಂದಾಗ ಮೂರು ಎಂದರು. ಇದಕ್ಕಿಂತ ಎಷ್ಟು ಬರುತ್ತದೆ ಎಂದು ಆರು ತಿಂಗಳ ಮೇಲೆ ಹೇಳುತ್ತಾರಂತೆ. ನಾನು ಆಸ್ಪತ್ರೆಯ ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದು ಬಂದೆ.

ಆಪರೇಷನ್ನಿನ ದಿನ ನೀನು ಗೇಟಿನ ಆಚೆ ಬೆಳಿಗ್ಗೆಯಿಂದ ನಿಂತಿದ್ದನ್ನು ಕಿಟಕಿಯಿಂದ ನೋಡಿದೆ. ಬದಲಾದ ದಿನವನ್ನು ಅವರೇ ನಿನಗೆ ತಿಳಿಸಿರಬೇಕು. ಕರೆಯಲಿಲ್ಲ. ಕರೆದಿದ್ದರೆ ಅಲ್ಲೇ ಮತ್ತೆ ಹೊಡೆಯುತ್ತಿದ್ದೆ, ಈ ಸಲ ಬೇರೆ ಕಾರಣಕ್ಕೆ. ಅವರು ಬಾಯಿ ಮುಚ್ಚಿಕೊಂಡು ಕೂತರು, ಸರಿ, ಅವರಿಗೆ ನಾಚಿಕೆ. ನಿನಗೇನಾಗಿತ್ತು? ನಾನು ಬೈದದ್ದನ್ನೆಲ್ಲ ಹೊತ್ತುಕೊಂಡು ತಿರುಗಲು ನಿನಗೆ ಯಾರು ಹೇಳಿದರು? ನೀರು ತರಲು ಮೊದಲು ಓಡಿದ್ದೆ ಎಂದು ಒಂದು ಮಾತು ನನಗೆ ಹೇಳಿದ್ದರೆ ನಾನು ಸಾಯುತ್ತಿದ್ದೆನೇ? ಊರಿಗೆಲ್ಲ ಫೋನ್ ಮಾಡಿ ನನ್ನ ಒಡಹುಟ್ಟಿದವನನ್ನು ಹೆಸರು ಹಿಡಿದು ಶಪಿಸಿದ್ದೇನೆ. ಅದನ್ನು ಈಗ ಯಾವ ಬಾಯಲ್ಲಿ ವಾಪಸ್ಸು ತೆಗೆದುಕೊಳ್ಳಲಿ? ಒತ್ತಿ ಬರೆದು ಕಾಗದ ಎರಡು ಕಡೆ ಹರಿದಿದೆ, ಅಷ್ಟು ಸಿಟ್ಟು ಬರುತ್ತದೆ ನಿನ್ನ ಮೇಲೆ.

ಬೈಯುವುದು ಇನ್ನೂ ಬಹಳ ಇದೆ, ಕಾಗದದಲ್ಲಿ ಹಿಡಿಸುವುದಿಲ್ಲ. ಭಾನುವಾರ ಬಾ.

ರುಕ್ಮವ್ವ